ಅಮ್ಮ ಕೂತರೆ ಮಾತ್ರ ಉರಿಯುವ ಲೈಟ್

ಕೊನೆಗೂ ಸಿಕ್ಕಿತು. ಐದು ವಾರ, ಎರಡು ಗ್ಯಾರೇಜು, ದುಡ್ಡು ದಂಡವಾದ ಒಂದು ಕ್ಲಾಕ್ ಸ್ಪ್ರಿಂಗ್ (ಸ್ಟೇರಿಂಗ್ ತಿರುಗುವಾಗಲೂ ಅದರೊಳಗಿನ ಏರ್‌ಬ್ಯಾಗಿಗೆ ಕರೆಂಟ್ ತಲುಪಿಸುವ ಸುರುಳಿ ವೈರ್). ಇಷ್ಟೆಲ್ಲ ಆದ ಮೇಲೆ ನಿನ್ನೆ ಸಂಜೆ ಏರ್‌ಬ್ಯಾಗ್ ಲೈಟ್ ತಾನಾಗಿ ಆರಿತು. ಸುಮ್ಮನೆ ಮರೆಸಿದ್ದಲ್ಲ, ತಪ್ಪು ಸರಿಯಾದ ಮೇಲೆ ಆರಿದ್ದು. ಈ ಬರಹ ಪೂರ್ತಿ ಅದರ ಬಗ್ಗೆಯೇ.  

ಕಾರು 2017ರ ಹ್ಯಾಚ್‌ಬ್ಯಾಕ್, ಸೆಕೆಂಡ್ ಹ್ಯಾಂಡ್. ಉಡುಪಿಯ ಅಂಬಲಪಾಡಿಯಲ್ಲಿ ನಮ್ಮ ಮನೆ. ವಾರದ ದಿನ ನಾನು ಓಡಿಸುತ್ತೇನೆ, ಉಳಿದ ಹೊತ್ತು ಅಮ್ಮ. ಜೂನ್ ಕೊನೆಯಲ್ಲಿ ಅಮ್ಮ ಕಾಪುವಿನ ಚಿಕ್ಕಮ್ಮನ ಮನೆಗೆ ಹೋಗಿ ಬಂದವರೇ ಹೇಳಿದರು: "ಮಗಾ, ಹೊಟ್ಟೆ ಮೇಲೆ ಚೆಂಡು ಇಟ್ಟುಕೊಂಡು ಕೂತ ಮನುಷ್ಯ ಒಬ್ಬ ಉರೀತಾ ಇದ್ದಾನೆ, ಎಂತ ಅದು?"

ಅದು ಏರ್‌ಬ್ಯಾಗ್ ಲೈಟ್. ನಾನು ಹೋಗಿ ಕೀ ತಿರುಗಿಸಿದೆ. ಯಾವಾಗಿನಂತೆ ಐದಾರು ಸೆಕೆಂಡ್ ಉರಿದು ಆರಿತು. ಸೀಟ್ ಹಿಂದೆ ಸರಿಸಿ ಮಣಿಪಾಲದ ತನಕ ಹೋಗಿ ಬಂದೆ. ಬರಲೇ ಇಲ್ಲ. ಮರುದಿನ ಅಮ್ಮ ಕೂತರು, ಗೇಟ್ ದಾಟುವ ಮೊದಲೇ ಬಂತು. ನಾನು ಓಡಿಸಿದರೆ ಇಲ್ಲ, ಅಮ್ಮ ಓಡಿಸಿದರೆ ಉಂಟು. ಹೀಗೇ ಒಂದು ವಾರ.

ಮೊದಲ ಗ್ಯಾರೇಜಿನವರು ಸ್ಕ್ಯಾನರ್ ಹಾಕಿ, ಕಾರಿನ ಕಂಪ್ಯೂಟರ್ ಬರೆದಿಟ್ಟ ತಪ್ಪಿನ ಕೋಡ್ ಅಳಿಸಿ ಕಳಿಸಿದರು. ಮೂರು ದಿನಕ್ಕೆ ವಾಪಸ್ ಬಂತು. ಮತ್ತೆ ಅಳಿಸಿದರು, ಮತ್ತೆ ಬಂತು. ಎರಡನೆಯವರು ನೇರವಾಗಿ ಹೇಳಿದರು: "ಎರಡು ಓಮ್‌ನ ರೆಸಿಸ್ಟರ್ ಹಾಕುವ, ಲೈಟ್ ಹೋಗ್ತದೆ. ಎಲ್ಲರೂ ಮಾಡ್ತಾರೆ." ಇಲ್ಲಿ ನನಗೆ ನಿಜವಾಗಿಯೂ ಸಿಟ್ಟು ಬಂತು. ಏರ್‌ಬ್ಯಾಗನ್ನು ಸಿಡಿಸುವ ಭಾಗ ಇಗ್ನೈಟರ್, ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಇರುವ ತಡೆ) ಹೆಚ್ಚುಕಡಿಮೆ ಎರಡು ಓಮ್. ಏರ್‌ಬ್ಯಾಗಿನ ಕಂಪ್ಯೂಟರ್, ಅಂದರೆ ಕಂಟ್ರೋಲ್ ಮಾಡ್ಯೂಲ್, ಅಳೆದು ನೋಡುವುದು ಅದನ್ನೇ. ಅದರ ಜಾಗದಲ್ಲಿ ರೆಸಿಸ್ಟರ್ ಇಟ್ಟರೆ ಮಾಡ್ಯೂಲ್ ಎಲ್ಲ ಸರಿ ಇದೆ ಎಂದುಕೊಳ್ಳುತ್ತದೆ. ಲೈಟ್ ಹೋಗುತ್ತದೆ, ಜೊತೆಗೆ ಏರ್‌ಬ್ಯಾಗೂ ಹೋಗುತ್ತದೆ. ಯಾವ ವೈರಿನಲ್ಲಿ ತಪ್ಪಿದೆ ಎಂದು ಹುಡುಕಲು ರೆಸಿಸ್ಟರ್ ಬಳಸುವುದು ಬೇರೆ. ಅದನ್ನು ಅಲ್ಲೇ ಬಿಟ್ಟು ಗಿರಾಕಿಗೆ ಕೀ ಕೊಡುವುದು ಬೇರೆ. ನನ್ನ ಅಮ್ಮ ಕೂರುವ ಸೀಟಿಗೆ ಇದನ್ನು ಮಾಡಲು ನಾನು ಬಿಡುವುದಿಲ್ಲ ಎಂದು ಕಾರು ವಾಪಸ್ ತಂದೆ.

ಆಮೇಲೆ ನಾನೇ ಕೂತೆ. ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇರುವ ಸಣ್ಣ ಬ್ಲೂಟೂತ್ ಓಬಿಡಿ ಡಾಂಗಲ್ (ಕಾರಿಗೆ ಚುಚ್ಚಿ ಫೋನಿನಲ್ಲಿ ಕೋಡ್ ಓದುವ ಸಾಧನ) ಇಲ್ಲಿ ಸುಮ್ನೆ. ಅದು ಸಾಮಾನ್ಯವಾಗಿ ಇಂಜಿನ್ ಕೋಡ್ ಮಾತ್ರ ಓದುತ್ತದೆ, ಏರ್‌ಬ್ಯಾಗ್ ಮಾಡ್ಯೂಲಿನ ಒಳಗೆ ಹೋಗುವುದಿಲ್ಲ. ಗೆಳೆಯನೊಬ್ಬನಿಂದ ದೊಡ್ಡ ಸ್ಕ್ಯಾನರ್ ತಂದೆ. ಪರದೆಯ ಮೇಲೆ ಬಂದದ್ದು ಇದು: "ಡ್ರೈವರ್ ಸೈಡ್ ಏರ್‌ಬ್ಯಾಗ್, ರೆಸಿಸ್ಟೆನ್ಸ್ ಹೈ."

ಡ್ರೈವರ್ ಕಡೆಯ ಏರ್‌ಬ್ಯಾಗ್ ಅಂದರೆ ಸ್ಟೇರಿಂಗ್‌ನದ್ದು ಅಲ್ವಾ? ಸ್ಟೇರಿಂಗ್ ಏರ್‌ಬ್ಯಾಗ್ ಕೈಕೊಟ್ಟರೆ ಮೊದಲ ಅನುಮಾನ ಕ್ಲಾಕ್ ಸ್ಪ್ರಿಂಗ್ ಮೇಲೆ. ನಮ್ಮ ಗೇಟಿನ ಎದುರು ಓಣಿ ಇಕ್ಕಟ್ಟು, ಅಮ್ಮ ಸ್ಟೇರಿಂಗ್ ಪೂರ್ತಿ ಕೊನೆಯ ತನಕ ತಿರುಗಿಸುತ್ತಾರೆ. ಎಲ್ಲ ಹೊಂದಿಕೆಯಾಗುವ ಹಾಗೇ ಕಂಡಿತು. ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದೆ. ಬಂದದ್ದು ಸ್ಟೇರಿಂಗ್ ಮೇಲೆ ಬಟನ್ ಇಲ್ಲದ ಮಾಡೆಲಿನದ್ದು. ಪಾರ್ಟ್ ನಂಬರ್, ಫೋಟೋ, ಚಾಸಿ ನಂಬರ್ ಎಲ್ಲ ಕಳಿಸಿದ್ದೆ. ಅಂಗಡಿಯವರ ಉತ್ತರ: "ಸರ್, ಇದೇ ಕೂರ್ತದೆ, ಸ್ವಲ್ಪ ಅಡ್ಜಸ್ಟ್ ಮಾಡಿ." ಏರ್‌ಬ್ಯಾಗಿನಲ್ಲಿ ಅಡ್ಜಸ್ಟ್ ಮಾಡುವಂಥದ್ದು ಎಂತ ಉಂಟು? ವಾಪಸ್ ಕಳಿಸಿ ಸರಿಯಾದದ್ದು ಬರುವಾಗ ಹನ್ನೆರಡು ದಿನ ಹೋಯಿತು. ಹಾಕಿದೆ. ಅಮ್ಮ ಕೂತರು. ಲೈಟ್ ಬಂತು.

ಆವತ್ತು ಬೇಸರದಲ್ಲಿ ಕಾರಿನ ಒಳಗೇ ಕೂತಿದ್ದೆ. ತುಳುವಿನ ಆಟಿ ತಿಂಗಳ ಮಳೆ, ಹೊರಗೆ ಇಳಿಯುವ ಹಾಗೆಯೂ ಇಲ್ಲ. ಹಳೆಯ ಮಾಲೀಕರು ಹಾಕಿಸಿದ ರೆಕ್ಸಿನ್ ಸೀಟ್ ಕವರ್ ಬೂಸಲು ಹಿಡಿದು ವಾಸನೆ ಬರುತ್ತಿತ್ತು. ಅದನ್ನಾದರೂ ಬಿಚ್ಚುವ ಎಂದು ಬಿಚ್ಚಿದೆ. ಸೀಟಿನ ಬೆನ್ನಿನ ಹೊರಬದಿಯಲ್ಲಿ, ಬಾಗಿಲಿನ ಕಡೆಗೆ, ಹೆಬ್ಬೆರಳಿನಷ್ಟು ಅಗಲದ ಒಂದು ಬಟ್ಟೆಯ ಚೀಟಿ. ಅದರಲ್ಲಿ "ಏರ್‌ಬ್ಯಾಗ್" ಎಂದು ಹೊಲಿದಿತ್ತು.

ಕೋಡ್ ಹೇಳಿದ್ದು ಡ್ರೈವರ್ ಬದಿಯ ಏರ್‌ಬ್ಯಾಗ್ ಅಲ್ಲ. ಡ್ರೈವರ್ ಸೀಟಿನ "ಸೈಡ್ ಏರ್‌ಬ್ಯಾಗ್"! ಮಾರಿದವರು ಎರಡು ಏರ್‌ಬ್ಯಾಗ್ ಅಂದಿದ್ದರು, ಇದ್ದದ್ದು ನಾಲ್ಕು. ಭಾರತದಲ್ಲಿ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾದದ್ದೇ 2019ರ ಜುಲೈಯಿಂದ. ಅದಕ್ಕಿಂತ ಹಿಂದಿನ ಕಾರುಗಳಲ್ಲಿ ಒಂದೇ ಮಾಡೆಲಿನ ಒಂದು ವೇರಿಯಂಟಿಗೆ ಒಂದೂ ಇರುವುದಿಲ್ಲ, ಇನ್ನೊಂದಕ್ಕೆ ನಾಲ್ಕೋ ಆರೋ ಇರುತ್ತವೆ. ಹಳೆ ಕಾರು ತೆಗೆದುಕೊಳ್ಳುವವರು ಸೀಟಿನ ಬದಿ, ಬಾಗಿಲಿನ ಪಕ್ಕದ ಕಂಬಗಳ ಮೇಲಿನ ಗುರುತು ದಯವಿಟ್ಟು ನೋಡಿ. ಸೀಟಿನಲ್ಲಿ ಏರ್‌ಬ್ಯಾಗ್ ಇದ್ದರೆ ಮಾಮೂಲಿ ಕವರ್ ಹಾಕಲೇಬೇಡಿ. ಬ್ಯಾಗ್ ಸೀಟಿನ ಹೊಲಿಗೆ ಬಿಚ್ಚಿಕೊಂಡು ಹೊರಗೆ ಬರಬೇಕು. ಮೇಲೆ ದಪ್ಪ ರೆಕ್ಸಿನ್ ಬಿಗಿದಿದ್ದರೆ ಎಲ್ಲಿಂದ ಬರುವುದು? ಇಷ್ಟು ದಿನ ನಾವು ಹಾಗೇ ಓಡಾಡಿದ್ದೇವೆ ಎಂದು ನೆನೆದರೆ ಈಗಲೂ ಹೆದರಿಕೆಯಾಗುತ್ತದೆ.

ಇನ್ನು ದಾರಿ ಸುಲಭ. ಸೈಡ್ ಏರ್‌ಬ್ಯಾಗಿನ ವೈರ್ ಸೀಟಿನ ಕೆಳಗಿನಿಂದ ಬರುತ್ತದೆ. ಸೀಟ್ ಸರಿದರೆ ವೈರೂ ಸರಿಯುತ್ತದೆ. ನಾನು ಐದಡಿ ಹನ್ನೊಂದು ಇಂಚು, ಅಮ್ಮ ನಾಲ್ಕಡಿ ಹತ್ತು. ಸೀಟನ್ನು ಪೂರ್ತಿ ಹಿಂದೆ ತಳ್ಳಿ, ಒಂದೊಂದೇ ಕ್ಲಿಕ್ ಮುಂದೆ ತಂದೆ. ಒಟ್ಟು 24 ಕ್ಲಿಕ್. ಪ್ರತಿ ಕ್ಲಿಕ್ಕಿಗೂ ಇಗ್ನಿಷನ್ ಆಫ್ ಮಾಡಿ, ಆನ್ ಮಾಡಿ, ಲೈಟ್ ಆರುವುದನ್ನು ಕಾದೆ. ಹದಿನೇಳರ ತನಕ ಆರಿತು. ಹದಿನೆಂಟರಲ್ಲಿ ಆರಲಿಲ್ಲ. ಅಮ್ಮ ಕೂರುವುದು ಹತ್ತೊಂಬತ್ತರಲ್ಲಿ. ಮಳೆಯ ಸದ್ದಿನ ನಡುವೆ ನಾನು ಕೂಗಿದ್ದು ಅಡಿಗೆಮನೆಗೆ ಕೇಳಿ ಅಮ್ಮ ಓಡಿ ಬಂದರು.

ಇಲ್ಲಿಂದ ಮುಂದೆ ಅವಸರ ಮಾಡಲಿಲ್ಲ. ನೀವೂ ಮಾಡಬೇಡಿ. ಹಳದಿ ಕನೆಕ್ಟರ್ ಅಂದರೆ ಏರ್‌ಬ್ಯಾಗ್. ಇಗ್ನಿಷನ್ ಆನ್ ಇರುವಾಗ ಅದನ್ನು ಅಲ್ಲಾಡಿಸಬಾರದು. ಬ್ಯಾಟರಿಯ ನೆಗೆಟಿವ್ ಕಳಚಿದ ಮೇಲೂ ಮಾಡ್ಯೂಲಿನ ಕೆಪಾಸಿಟರ್‌ನಲ್ಲಿ ಬ್ಯಾಗ್ ಸಿಡಿಸುವಷ್ಟು ಚಾರ್ಜ್ ಸ್ವಲ್ಪ ಹೊತ್ತು ಉಳಿದಿರುತ್ತದೆ. ಮ್ಯಾನುಯಲ್ ಹೇಳಿದ್ದಕ್ಕಿಂತ ಜಾಸ್ತಿಯೇ, ಹತ್ತು ನಿಮಿಷ ಕಾದೆ. ಇನ್ನೊಂದು, ಮಲ್ಟಿಮೀಟರ್ ಹಿಡಿದು ಏರ್‌ಬ್ಯಾಗಿನ ಪಿನ್ನಿಗೆ ಹೋಗಬೇಡಿ. ಓಮ್ ಅಳೆಯಲು ಮೀಟರ್ ಕಳಿಸುವ ಸಣ್ಣ ಕರೆಂಟೇ ಇಗ್ನೈಟರನ್ನು ಹೊತ್ತಿಸಬಹುದು.

ಕನೆಕ್ಟರ್ ಬಿಡಿಸಿ ಟಾರ್ಚ್ ಹಿಡಿದೆ. ಎರಡು ಪಿನ್ನುಗಳಲ್ಲಿ ಸೀಟಿನ ಕಡೆಯ ಒಂದರ ಬುಡದಲ್ಲಿ ಹಸಿರು ಕಿಲುಬು. ವೈರನ್ನು ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ ಮುರಿದಿತ್ತು. ಸೀಟ್ ಮುಂದೆ ಹೋದಾಗ ವೈರ್ ಬಿಗಿಯಾಗಿ ಎಳೆದು, ಕಿಲುಬು ಹಿಡಿದ ಪಿನ್ ಕೂದಲೆಳೆಯಷ್ಟು ಸರಿಯುತ್ತಿತ್ತು. ರೆಸಿಸ್ಟೆನ್ಸ್ ಏರಲು ಅಷ್ಟು ಸಾಕು.

ನೀರು ಎಲ್ಲಿಂದ? ಎಸಿಯ ನೀರು ಹೊರಹೋಗುವ ಡ್ರೈನ್ ಪೈಪ್ ನೋಡಿದೆ, ಚೆನ್ನಾಗಿತ್ತು. ಮ್ಯಾಟ್ ಎತ್ತಿದೆ, ಸೀಟಿನ ಕೆಳಗೆ ಮಾತ್ರ ಒದ್ದೆ. ಅಮ್ಮ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಕೊಡೆ. ಕಾರು ಹತ್ತಿದ ಕೂಡಲೇ ನಾವಿಬ್ಬರೂ ಒದ್ದೆ ಕೊಡೆ ಮಡಚಿ ಇಡುವುದು ಡ್ರೈವರ್ ಸೀಟಿನ ಕೆಳಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಊರಿನಲ್ಲಿ ಯಾರು ಇಡುವುದಿಲ್ಲ ಹೇಳಿ? ಆ ನೀರು ತೊಟ್ಟಿಕ್ಕಿದ್ದು ನೇರ ಕನೆಕ್ಟರ್ ಮೇಲೆ.

ಅಮ್ಮ ಕಿಲುಬು ನೋಡಿ, "ಹುಣಸೆಹುಳಿ ಹಾಕಿ ತಿಕ್ಕಿದರೆ ಹೋಗ್ತದೆ" ಅಂದರು. ಗಿಂಡಿ, ಹರಿವಾಣಕ್ಕೆ ಅದು ಸರಿ. ಇಲ್ಲಿ ಹುಳಿ ಒಳಗೆ ಉಳಿದರೆ ಪಿನ್ನನ್ನೇ ತಿನ್ನುತ್ತದೆ. ಏರ್‌ಬ್ಯಾಗಿನ ವೈರ್ ಕತ್ತರಿಸಿ ಜೋಡಿಸಬಾರದು, ಹಾರ್ನೆಸ್ (ಕನೆಕ್ಟರ್ ಸಮೇತ ವೈರಿನ ಕಟ್ಟು) ಬದಲಿಸಬೇಕು ಎಂದು ಮ್ಯಾನುಯಲ್ ಹೇಳುತ್ತದೆ. ಹಾಗಾಗಿ ಸೀಟಿನ ಕೆಳಗಿನ ಹೊಸ ಹಾರ್ನೆಸ್ ತರಿಸಿದೆ. ಮೊದಲು ಕಳಿಸಿದ್ದು ಎಡ ಸೀಟಿನದ್ದು! ಎರಡನೇ ಸಲ ಸರಿಯಾದದ್ದು ಬಂತು. ಕಾರಿನ ಕಡೆಯ ಪಿನ್ನಿಗೆ ಕಲೆ ಮಾತ್ರ ಇತ್ತು, ಕಾಂಟ್ಯಾಕ್ಟ್ ಕ್ಲೀನರಿನಲ್ಲಿ ಹೋಯಿತು. ಹೊಸ ಕ್ಲಿಪ್ ಹಾಕಿ, ಸೀಟ್ ಪೂರ್ತಿ ಮುಂದೆ ಬಂದರೂ ವೈರ್ ಸಡಿಲ ಇರುವ ಹಾಗೆ ಕೂರಿಸಿದೆ. ಕೋಡ್ ಅಳಿಸಿದೆ. 24 ಕ್ಲಿಕ್ಕಿನಲ್ಲೂ ಲೈಟ್ ಆರುತ್ತದೆ.

ಕಾರು ತೆರೆದೇ ಇತ್ತು, ಅಮ್ಮನನ್ನು ಕೂರಿಸಿ ಟೇಪ್ ಹಿಡಿದೆ. ಎದೆಯ ಮೂಳೆಯಿಂದ ಸ್ಟೇರಿಂಗಿನ ನಡುವಿಗೆ 19 ಸೆಂಟಿಮೀಟರ್. ಕಡಿಮೆಯೆಂದರೂ 25 ಬೇಕು. ಬ್ಯಾಗ್ ಉಬ್ಬುವುದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ. ಮೊದಲ ಎರಡು ಮೂರು ಇಂಚಿನಲ್ಲೇ ಅದರ ಹೊಡೆತ ಅತಿ ಜೋರು. ಅಷ್ಟು ಹತ್ತಿರ ಎದೆ ಇರಬಾರದು. ಯಾಕೆ ಇಷ್ಟು ಮುಂದೆ ಎಂದು ಕೇಳಿದರೆ, "ಬೋನೆಟ್ ಕಾಣುವುದಿಲ್ಲ ಮಾರಾಯ" ಅಂದರು. ಬೆನ್ನ ಹಿಂದೆ ಒಂದು ದಿಂಬು ಬೇರೆ.

ದಿಂಬು ತೆಗೆದೆ. ಸೊಂಟ ಹಿಂದಕ್ಕೆ ತಾಗಿತು. ಸೀಟಿನ ಎತ್ತರದ ಲಿವರನ್ನು ಇಷ್ಟು ವರ್ಷ ಯಾರೂ ಮುಟ್ಟಿರಲಿಲ್ಲ. ಹತ್ತು ಸಲ ಪಂಪ್ ಮಾಡಿದ ಮೇಲೆ ಅಮ್ಮನಿಗೆ ರಸ್ತೆ ಕಂಡಿತು, ತಲೆಯ ಮೇಲೆ ಮುಷ್ಟಿಗಿಂತ ಜಾಸ್ತಿ ಜಾಗವೂ ಉಳಿಯಿತು. ಸೀಟ್ ಎರಡು ಕ್ಲಿಕ್ ಹಿಂದೆ. ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿಕೊಂಡೇ ಇರಬೇಕು, ಇದೆ. ಭುಜ ಸೀಟಿಗೆ ಒರಗಿಸಿಕೊಂಡು ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗಿನ ಮೇಲಂಚಿಗೆ ತಾಗಬೇಕು, ತಾಗಿತು. ಸ್ಟೇರಿಂಗ್ ಕೆಳಗೆ ಬಾಗಿಸಿದೆ, ಬ್ಯಾಗ್ ಮುಖದ ಕಡೆಗಲ್ಲ, ಎದೆಯ ಕಡೆಗೆ ಬರಲಿ ಎಂದು. ಹೆಡ್‌ರೆಸ್ಟ್ ಕುತ್ತಿಗೆಯ ಹತ್ತಿರ ಇತ್ತು, ತಲೆಯ ಮೇಲ್ಭಾಗದ ಮಟ್ಟಕ್ಕೆ ಎತ್ತಿದೆ. ಬೆಲ್ಟಿನ ಕೆಳಪಟ್ಟಿ ಹೊಟ್ಟೆಯಿಂದ ಇಳಿದು ಸೊಂಟದ ಮೂಳೆಗೆ ಬಂತು. ಕೊನೆಗೆ ಕನ್ನಡಿಗಳು. ಅಳೆದೆ: 26 ಸೆಂಟಿಮೀಟರ್.

ಆಗ ಒಂದು ವಿಷಯ ಹೊಳೆಯಿತು. ಅಮ್ಮ ಈಗ ಕೂರುವುದು ಹದಿನೇಳನೇ ಕ್ಲಿಕ್ಕಿನಲ್ಲಿ. ಸೀಟನ್ನು ಮೊದಲೇ ಸರಿ ಮಾಡಿದ್ದರೆ ಲೈಟ್ ಆವತ್ತೇ ನಿಲ್ಲುತ್ತಿತ್ತು. ರಿಪೇರಿ ಆಯಿತೆಂದು ನಾನು ಬಿಟ್ಟುಬಿಡುತ್ತಿದ್ದೆ, ಕಿಲುಬು ಒಳಗೇ ಬೆಳೆಯುತ್ತಿತ್ತು.

ಕೊಡೆಗೆ ಈಗ ಒಂದು ತುಂಡು ಪಿವಿಸಿ ಪೈಪ್. ಒಂದು ಬದಿಗೆ ಮುಚ್ಚಳ ಅಂಟಿಸಿ ಹಿಂದಿನ ಸೀಟಿನ ಕೆಳಗೆ, ಬಾಗಿಲ ಪಕ್ಕ, ಅಲ್ಲಾಡದ ಹಾಗೆ ಕಟ್ಟಿದ್ದೇನೆ. ಡ್ರೈವರ್ ಸೀಟಿನ ಕೆಳಗೆ ಇನ್ನು ಏನೂ ಇಡುವಂತಿಲ್ಲ. ನೀರಿನ ಬಾಟಲಿಯಂತೂ ಖಂಡಿತ ಬೇಡ, ಉರುಳಿ ಬ್ರೇಕ್ ಪೆಡಲಿನ ಕೆಳಗೆ ಸಿಕ್ಕಿಕೊಂಡರೆ ಗತಿ ಏನು?

ಈ ಗಲಾಟೆಯಲ್ಲಿ ಮುಂದಿನ ಪ್ರಾಜೆಕ್ಟೂ ಹುಟ್ಟಿತು. ಅಮ್ಮ ಪ್ರತಿ ಲೈಟಿಗೂ ಒಂದು ಹೆಸರು ಇಟ್ಟಿದ್ದಾರೆ. ಆಯಿಲ್ ಲೈಟ್ ಅವರಿಗೆ ಗಿಂಡಿ. ನೋಡಿ, ನಿಜಕ್ಕೂ ಗಿಂಡಿಯ ಹಾಗೇ ಇದೆ, ಮೂತಿಯಲ್ಲಿ ತೊಟ್ಟು ಕೂಡ ಇದೆ. ಚೆಕ್ ಇಂಜಿನ್ ಲೈಟ್ ತೋಟದ ಪಂಪ್‌ಸೆಟ್. ನಮ್ಮ ಓಣಿಯ ಮೂವರು ಅಕ್ಕಂದಿರು ಡ್ರೈವಿಂಗ್ ಕಲಿಯುತ್ತಿದ್ದಾರೆ, ಅಮ್ಮ ಅವರಿಗೂ ಇದೇ ಹೆಸರು ಹೇಳಿಕೊಟ್ಟಿದ್ದಾರೆ. ಹಾಗಾಗಿ ಲೈಟುಗಳನ್ನು ತೋರಿಸಿ ಕಲಿಸಲು ಗುಜರಿಯಿಂದ ಹಳೆಯ ಕಾರಿನ ಮೀಟರ್ ಕ್ಲಸ್ಟರ್ (ಸ್ಪೀಡೋಮೀಟರ್, ಲೈಟುಗಳಿರುವ ಫಲಕ) ತಂದು ಪ್ಲೈವುಡ್ ಮೇಲೆ ಕೂರಿಸುವ ಯೋಚನೆ. ಬಲ್ಬಿನ ಕಾಲದ್ದೇ ಬೇಕು, ಹೊಸ ಕಾರಿನ ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ಕ್ಯಾನ್ ಬಸ್ ಜಾಲದ ತಲೆನೋವು ಇರುವುದಿಲ್ಲ. ಆಯಿಲ್ ಸ್ವಿಚ್ ಒತ್ತಡ ಇಲ್ಲದಾಗ ಅರ್ತ್ ಕೊಡುತ್ತದೆ, ಬಲ್ಬ್ ಉರಿಯುತ್ತದೆ. ಒಂದು ಟಾಗಲ್ ಸ್ವಿಚ್ ಸಾಕು. ಗಿಂಡಿ ಉರಿದರೆ ಆಯಿಲ್ ಒತ್ತಡ ಇಲ್ಲ ಎಂದು, ಮನೆ ತನಕ ಹೋಗಿ ನೋಡುವ ಅನ್ನಬಾರದು, ಅಲ್ಲೇ ಬದಿಗೆ ನಿಲ್ಲಿಸಿ ಇಂಜಿನ್ ಆಫ್. ಪಂಪ್‌ಸೆಟ್ ಹಳದಿ, ಮಿಟುಕದೆ ಉರಿದರೆ ನಿಧಾನಕ್ಕೆ ಗ್ಯಾರೇಜಿಗೆ. ಮಿಟುಕುತ್ತಿದ್ದರೆ ಮಿಸ್‌ಫೈರ್ (ಇಂಜಿನ್ ಒಳಗೆ ಪೆಟ್ರೋಲ್ ಸರಿಯಾಗಿ ಉರಿಯದಿರುವುದು), ಹಾಗೇ ಓಡಿಸಿದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹೋಗುತ್ತದೆ. ಬ್ಯಾಟರಿ ಲೈಟಿಗೆ ಮಾತ್ರ ಸ್ವಲ್ಪ ತಲೆ ಓಡಿಸಬೇಕು. ಬಲ್ಬಿನ ಎರಡೂ ಕಡೆ 12 ವೋಲ್ಟ್ ಬಂದಾಗ ಅದು ಆರುವುದು. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಆ ಕೆಲಸವನ್ನು ಒಂದು ರಿಲೇಯಿಂದ (ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್) ಮಾಡಿಸಬೇಕು ಎಂದುಕೊಂಡಿದ್ದೇನೆ. ಮಾಡಿದವರಿದ್ದರೆ ತಿಳಿಸಿ.

ನಿನ್ನೆ ಅಮ್ಮ ಕಾಪುವಿಗೆ ಹೋಗಿ ಬಂದರು. ಪಕ್ಕದಲ್ಲಿ ನಾನು, ಮಡಿಲಲ್ಲಿ ಸ್ಕ್ಯಾನರ್. ಹೆದ್ದಾರಿಯುದ್ದಕ್ಕೂ ಮಳೆ. ಹೋಗುವಾಗ ಇಲ್ಲ, ಬರುವಾಗ ಇಲ್ಲ, ನಮ್ಮ ಓಣಿಯ ತಿರುವಿನಲ್ಲೂ ಲೈಟ್ ಇಲ್ಲ.

ಎಡಗಡೆ ಸೀಟಿನ ಕನೆಕ್ಟರ್ ಇನ್ನೂ ಬಿಡಿಸಿ ನೋಡಿಲ್ಲ. ಅಲ್ಲಿ ಅಪ್ಪ ಕೂರುತ್ತಾರೆ, ಅವರ ಕೊಡೆ ಇನ್ನೂ ದೊಡ್ಡದು. ಭಾನುವಾರ ಮಳೆ ಬಿಟ್ಟರೆ ಮೊದಲ ಕೆಲಸ ಅದೇ.