ಫಿಲಡೆಲ್ಫಿಯಾ ಕನ್ವೆನ್ಷನ್ ಸೆಂಟರ್: ಯಾವ ಬಾಗಿಲು ಅಂತ ಮೊದಲೇ ನೋಡಿಕೊಳ್ಳಿ

ಪೆನ್ಸಿಲ್ವೇನಿಯಾ ಕನ್ವೆನ್ಷನ್ ಸೆಂಟರ್‌ಗೆ ಕಾನ್ಫರೆನ್ಸಿಗೆ ಅಂತ ಹೋಗುವವರು ರಿಜಿಸ್ಟ್ರೇಷನ್ ಯಾವ ಬಾಗಿಲ ಹತ್ತಿರ ಅಂತ ನೋಡಿಕೊಂಡೇ ಹೊರಡಿ. ನಾನು ನೋಡಿರಲಿಲ್ಲ. ಕ್ಯಾಬ್‌ನವನು ಬ್ರಾಡ್ ಸ್ಟ್ರೀಟ್ ಕಡೆ ಇಳಿಸಿದ, ಬ್ಯಾಡ್ಜ್ ಕೊಡುತ್ತಿದ್ದದ್ದು 12ನೇ ಸ್ಟ್ರೀಟ್ ಕಡೆ. ಕಂಕುಳಲ್ಲಿ ಪೋಸ್ಟರ್ ಸುರುಳಿ, ಕಾಲಲ್ಲಿ ಕಚ್ಚುವ ಹೊಸ ಶೂ. ಕಟ್ಟಡದ ಒಳಗೇ ಅಷ್ಟು ದೂರ ನಡೆದೆ. 1993ರಲ್ಲಿ ಶುರುವಾದಾಗ ಇದು ಇಷ್ಟು ಉದ್ದ ಇರಲಿಲ್ಲ, 2011ರಲ್ಲಿ ಬ್ರಾಡ್ ಸ್ಟ್ರೀಟ್‌ವರೆಗೂ ಬೆಳೆಸಿದರು. ಅಂದ ಹಾಗೆ, 13ರ ನಂತರ 14ನೇ ಸ್ಟ್ರೀಟ್ ಹುಡುಕಬೇಡಿ. ಆ ಜಾಗದಲ್ಲಿರುವುದೇ ಬ್ರಾಡ್.

ಲಗೇಜ್ ಕಡಿಮೆ ಇದ್ದರೆ ಕ್ಯಾಬೇ ಬೇಡ. ಏರ್‌ಪೋರ್ಟ್‌ನಿಂದ ಲೋಕಲ್ ಟ್ರೈನ್ ಹತ್ತಿದರೆ ಸುಮಾರು ಅರ್ಧ ಗಂಟೆಯಲ್ಲಿ ಪಕ್ಕದ ಜೆಫರ್ಸನ್ ಸ್ಟೇಷನ್.

ಸೆಷನ್‌ಗಳ ನಡುವೆ ಒಂದು ಸಲ ಗ್ರ್ಯಾಂಡ್ ಹಾಲ್‌ಗೆ ಹೋಗಿ, ಸುಮ್ನೆ ತಲೆ ಎತ್ತಿ ನಿಲ್ಲಿ. ಅದು 1893ರ ರೆಡಿಂಗ್ ಟರ್ಮಿನಲ್‌ನ ರೈಲು ಶೆಡ್. (ಸ್ಪೆಲ್ಲಿಂಗ್ ನೋಡಿ ‘ರೀಡಿಂಗ್’ ಅನ್ನಬೇಡಿ, ಊರಿನವರು ತಕ್ಷಣ ತಿದ್ದುತ್ತಾರೆ.) ಈ ಗೋಡೆಯಿಂದ ಆ ಗೋಡೆಗೆ ಒಂದೇ ಕಮಾನು, ಅಗಲ 250 ಅಡಿಗೂ ಜಾಸ್ತಿ, ನಡುವೆ ಒಂದೇ ಒಂದು ಕಂಬ ಇಲ್ಲ. ಹಬೆ ಇಂಜಿನ್‌ಗಳು ಹೊಗೆ ಬಿಡುತ್ತಾ ಬಂದು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಕಾಗದದ ಲೋಟ ಹಿಡಿದು ನಾವು ನಿಂತಿರುತ್ತೇವೆ. 1984ರಲ್ಲಿ ನೆಲದಡಿಯ ಸುರಂಗ ಮಾರ್ಗ ಸಿದ್ಧವಾದ ಮೇಲೆ ರೈಲುಗಳು ಅಲ್ಲಿಗೆ ಇಳಿದವು, ಮೇಲಿನ ಶೆಡ್ ಖಾಲಿ ಬಿತ್ತು. ಕೆಡವದೆ ಹಾಲ್ ಮಾಡಿದ್ದು ಒಳ್ಳೇದಾಯ್ತು. ಉಳಿದ ಹಾಲ್‌ಗಳು ದೊಡ್ಡವು, ಅಷ್ಟೇ.

ಈ ಶೆಡ್ ಮಾಳಿಗೆಯ ಎತ್ತರದಲ್ಲಿ ಯಾಕಿದೆ ಗೊತ್ತಾ? ರೈಲು ಬರುವ ಮೊದಲೇ ಅಲ್ಲಿ ಸಂತೆ ಇತ್ತು. ವ್ಯಾಪಾರಿಗಳು ಜಾಗ ಬಿಡಲ್ಲ ಅಂತ ಪಟ್ಟು ಹಿಡಿದರು. ಕೊನೆಗೆ ಹಳಿ ಮೇಲೆ, ಮಾರ್ಕೆಟ್ ಕೆಳಗೆ ಅಂತ ರಾಜಿಯಾಯಿತು. ಆ ಮಾರ್ಕೆಟ್ ಇವತ್ತಿಗೂ ನಡೆಯುತ್ತಿದೆ. ಊಟ ಅಲ್ಲೇ ಮಾಡಿ, ಆದರೆ 11 ಗಂಟೆಗೇ ಇಳಿಯಿರಿ. 12 ಆದರೆ ಕಾನ್ಫರೆನ್ಸ್ ಪೂರ್ತಿ ಅಲ್ಲಿರುತ್ತದೆ, ಕೂರಲು ಕುರ್ಚಿ ಸಿಗಲ್ಲ. ಪ್ರೆಟ್ಜೆಲ್ ಅಂಗಡಿ ಮುಂದೆ ಎರಡು ನಿಮಿಷ ನಿಂತೆ. ಹಿಟ್ಟನ್ನು ಹಗ್ಗದ ಹಾಗೆ ಹೊಸೆದು, ಒಂದು ತಿರುವು ಕೊಟ್ಟು ಒಲೆಗೆ ಹಾಕುತ್ತಾರೆ, ಹೊರಗೆ ಬಂದದ್ದನ್ನು ಬೆಣ್ಣೆಯಲ್ಲಿ ಮುಳುಗಿಸಿಯೇ ಕೊಡುತ್ತಾರೆ. ಜೊತೆಗೆ ಜಾಸ್ತಿ ಟಿಶ್ಯೂ ತಗೊಳ್ಳಿ, ನನ್ನ ಬ್ಯಾಡ್ಜ್ ಮೇಲೆ ಬಿದ್ದ ಕಲೆ ಕೊನೆ ದಿನದವರೆಗೂ ಹೋಗಲಿಲ್ಲ.

ಆ ಮಾರ್ಕೆಟ್‌ನಲ್ಲಿ ಆಮಿಷ್ ಜನರ (ಹಳೇ ರೀತಿಯಲ್ಲೇ ಬದುಕುವ ಒಂದು ಕ್ರೈಸ್ತ ಪಂಗಡದವರು) ಮಳಿಗೆಗಳು ಭಾನುವಾರ ಮುಚ್ಚಿರುತ್ತವೆ. ಶನಿವಾರವೇ ಹೋಗಿಬನ್ನಿ.