ಕಾಪುವಿನ ಆಕಾಶದಲ್ಲಿ ಪಟ್ಟೆಗಳು: 107 ಕೋಟಿ ಬಣ್ಣದ ಮಾನಿಟರ್ ಮತ್ತು ನನ್ನ ಮುದ್ರಣದ ಕೆಲಸ

ಮೇ 11

ಮಲ್ಪೆ ಮತ್ತು ಕಾಪು ಕಡಲತೀರಗಳಲ್ಲಿ ಕಳೆದ ಕೆಲವು ವರ್ಷಗಳಿಂದ ತೆಗೆದ ಸಂಜೆಯ ಆಕಾಶದ ಚಿತ್ರಗಳಲ್ಲಿ ಹನ್ನೆರಡನ್ನು ಆರಿಸಿ ದೊಡ್ಡ ಅಳತೆಯಲ್ಲಿ ಮುದ್ರಿಸುವ ಕೆಲಸ ಫೆಬ್ರವರಿಯಿಂದ ನಡೆಯುತ್ತಿದೆ. ಎಂಟು ಚಿತ್ರಗಳು ಸಿದ್ಧವಾಗಿವೆ, ಒಂಬತ್ತನೆಯದರಲ್ಲಿ ಕೆಲಸ ನಿಂತಿದೆ. ಕಾಪುವಿನ ದೀಪಸ್ತಂಭದ ಬಳಿ, ಸೂರ್ಯ ಮುಳುಗಿ ಇಪ್ಪತ್ತು ನಿಮಿಷ ಕಳೆದ ಮೇಲೆ ತೆಗೆದ ಚಿತ್ರವದು. ಕಡಲಂಚಿನ ಕೇಸರಿಯಿಂದ ನೆತ್ತಿಯ ಕಡುನೀಲಿಯವರೆಗೆ ಆಕಾಶ ಎಲ್ಲಿಯೂ ಗೆರೆ ಕಾಣಿಸದೆ ಬದಲಾಗುತ್ತ ಹೋಗಬೇಕು. ನನ್ನ ಮಾನಿಟರಿನಲ್ಲಿ ಅದು ಬೈಲಿನಿಂದ ಮಜಲಿಗೆ, ಮಜಲಿನಿಂದ ಬೆಟ್ಟಿಗೆ ಏರುವ ಗದ್ದೆಗಳ ಹಾಗೆ ಹಂತಹಂತವಾಗಿ ಕಾಣುತ್ತದೆ.

ಮೇ 18

ತಪ್ಪು ಕಡತದ್ದೋ ಪರದೆಯದ್ದೋ ಎಂಬುದನ್ನು ಮೊದಲು ತೀರ್ಮಾನಿಸಬೇಕಿತ್ತು. ಕ್ಯಾಮೆರಾ ಕೊಟ್ಟದ್ದು 14 ಬಿಟ್‌ನ ರಾ ಕಡತ, ತಿದ್ದುಪಡಿಯೆಲ್ಲ ನಡೆದದ್ದು 16 ಬಿಟ್‌ನ ಟಿಫ್ ಕಡತದಲ್ಲಿ. ಬಿಟ್ ಹೆಚ್ಚಿದಷ್ಟೂ ಬಣ್ಣದ ಹಂತಗಳು ಹೆಚ್ಚು. ಆಕಾಶದ ಭಾಗವನ್ನಷ್ಟೇ ಎ4 ಹಾಳೆಯಲ್ಲಿ ಮುದ್ರಿಸಿ, ಬೆಳಿಗ್ಗೆ ಜಗಲಿಯ ಬೆಳಕಿನಲ್ಲಿ ನೋಡಿದೆ. ಒಂದೂ ಪಟ್ಟೆ ಇಲ್ಲ. ಹಾಗಾದರೆ ಕಡತ ಸರಿಯಿದೆ, ನನಗೆ ಅದನ್ನು ತೋರಿಸುತ್ತಿರುವ ದಾರಿಯಲ್ಲಿ ಎಲ್ಲೋ ಬಣ್ಣ ಸೋರಿಹೋಗುತ್ತಿದೆ.

ಸಂದೇಹ ಸಹಜವಾಗಿಯೇ 2008ರಲ್ಲಿ ಕೊಂಡ 20 ಇಂಚಿನ ಹಳೆಯ ಮಾನಿಟರಿನ ಮೇಲೆ ಹೋಯಿತು. ಅದರ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಓದಿದೆ: 16.2 ಮಿಲಿಯನ್ ಬಣ್ಣ, ಅಂದರೆ 1.62 ಕೋಟಿ. ಈ ಸಂಖ್ಯೆ ನನ್ನನ್ನು ಒಂದು ಸಂಜೆ ಪೂರ್ತಿ ಹಿಡಿದು ಕೂರಿಸಿತು. 8 ಬಿಟ್ ಎಂದರೆ ಕೆಂಪು, ಹಸಿರು, ನೀಲಿ ಪ್ರತಿಯೊಂದಕ್ಕೂ 256 ಹಂತಗಳು, ಮೂರನ್ನೂ ಗುಣಿಸಿದರೆ 1,67,77,216. ಬರೀ 6 ಬಿಟ್ ಆದರೆ 64 ಹಂತಗಳು, ಬಣ್ಣಗಳು 2,62,144. ಪೆಟ್ಟಿಗೆಯ ಸಂಖ್ಯೆ ಎರಡಕ್ಕೂ ಹೊಂದುವುದಿಲ್ಲ.

ಉತ್ತರ ಇರುವುದು ಎಫ್‌ಆರ್‌ಸಿ (ಫ್ರೇಮ್ ರೇಟ್ ಕಂಟ್ರೋಲ್) ಎಂಬ ತಂತ್ರದಲ್ಲಿ. 6 ಬಿಟ್‌ನ ಪ್ಯಾನೆಲ್, ಅಂದರೆ ಮಾನಿಟರಿನೊಳಗಿನ ಪರದೆ, ತನ್ನಲ್ಲಿ ಇಲ್ಲದ ಒಂದು ಹಂತವನ್ನು ತೋರಿಸಬೇಕಾದಾಗ, ಅದರ ಕೆಳಗಿನ ಮತ್ತು ಮೇಲಿನ ಹಂತಗಳನ್ನು ನಾಲ್ಕು ಫ್ರೇಮುಗಳಲ್ಲಿ ಹಂಚಿ ಬೇಗಬೇಗನೆ ಅದಲುಬದಲು ಮಾಡುತ್ತದೆ, ಕಣ್ಣು ಅವುಗಳ ಸರಾಸರಿಯನ್ನು ಕಾಣುತ್ತದೆ. 64 ಹಂತಗಳ ನಡುವೆ 63 ಸಂದುಗಳಿವೆ, ಪ್ರತಿ ಸಂದಿಯಲ್ಲಿ ಮೂರು ಹೊಸ ಹಂತಗಳು ಹುಟ್ಟುತ್ತವೆ. 64ಕ್ಕೆ 189 ಕೂಡಿಸಿದರೆ 253, ಅದನ್ನು ಮೂರು ಬಾರಿ ಗುಣಿಸಿದರೆ 1,61,94,277. ಇದೇ ಆ 1.62 ಕೋಟಿ. ಜಾಹೀರಾತಿನ ಸಂಖ್ಯೆಯೊಂದು ತನ್ನ ಹುಟ್ಟಿನ ಗುಟ್ಟನ್ನು ಇಷ್ಟು ಸ್ಪಷ್ಟವಾಗಿ ಬಿಟ್ಟುಕೊಟ್ಟದ್ದು ನನಗೆ ಬಹಳ ಹಿಡಿಸಿತು. ಮುಂದೆ ಈ ತಂತ್ರ ಸುಧಾರಿಸಿದಂತೆ 6 ಬಿಟ್‌ನ ಪ್ಯಾನೆಲ್‌ಗಳ ಮೇಲೂ 1.67 ಕೋಟಿ ಎಂದೇ ಬರೆಯಲಾಯಿತು, ಅಲ್ಲಿಗೆ ಆ ಗುರುತು ಅಳಿಸಿಹೋಯಿತು. 2007ರಲ್ಲಿ ಅಮೆರಿಕದಲ್ಲಿ ಆಪಲ್ ಕಂಪನಿಯ ಲ್ಯಾಪ್‌ಟಾಪ್‌ಗಳ ಬಗ್ಗೆ ಇದೇ ವಿಷಯವಾಗಿ ಗ್ರಾಹಕರು ನ್ಯಾಯಾಲಯಕ್ಕೆ ಹೋಗಿದ್ದರು.

ಭೂತಗನ್ನಡಿ ಹಿಡಿದು ಕಡುಬೂದು ಬಣ್ಣದ ಒಂದು ತೆರೆಯನ್ನು ನೋಡಿದೆ. ಕೋಣೆಯ ದೀಪ ಆರಿಸಿ, ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ, ಪಿಕ್ಸೆಲ್‌ಗಳ ನಡುವೆ ಸಣ್ಣ ಹುಡಿ ಹರಿದಾಡಿದಂತೆ ಒಂದು ನಡುಕ ಕಂಡಿತು. ಆ ಅದಲುಬದಲನ್ನು ಕಣ್ಣಾರೆ ಕಂಡದ್ದು ಅದೇ ಮೊದಲು.

ಜೂನ್ 1

ಹೊಸ ಮಾನಿಟರ್ ಬಂತು. 27 ಇಂಚು, 3840×2160 ಪಿಕ್ಸೆಲ್, ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ 10 ಬಿಟ್, 1.07 ಬಿಲಿಯನ್ ಬಣ್ಣ. 1024 ಹಂತಗಳ ಲೆಕ್ಕದಲ್ಲಿ ಇದು 107 ಕೋಟಿಗೂ ಮಿಕ್ಕಿದ ಬಣ್ಣಗಳು. ಪ್ಯಾನೆಲ್ ನಿಜವಾಗಿ ಎಷ್ಟು ಬಿಟ್‌ನದು ಎಂದು ಅಂಗಡಿಯವರನ್ನು ಕೇಳಿದಾಗ ಅವರು ನೇರವಾಗಿ ಹೇಳಿದರು: "ಪೆಟ್ಟಿಗೆಯಲ್ಲಿ ಬರೆದದ್ದು ಎಷ್ಟೋ ಅಷ್ಟೇ ನಮಗೂ ಗೊತ್ತಿರುವುದು ಮಾರಾಯ್ರೆ. ಒಳಗೆ ಯಾವ ಪ್ಯಾನೆಲ್ ಉಂಟು ಅಂತ ಕಂಪನಿಯವರು ನಮಗೆ ಹೇಳುವುದಿಲ್ಲ." ಮನೆಗೆ ಬಂದು ಕೈಪಿಡಿಯ ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ ಹುಡುಕಿದಾಗ ಸಿಕ್ಕಿತು: 8 ಬಿಟ್ ಮತ್ತು ಎಫ್‌ಆರ್‌ಸಿ. ಹಳೆಯ ಮಾನಿಟರಿನ ತಂತ್ರವೇ ಎರಡು ಬಿಟ್ ಮೇಲೆ ಏರಿ ಕುಳಿತಿದೆ. ಪೆಟ್ಟಿಗೆಯ ಮೇಲೆ ಅದರ ಸುಳಿವಿಲ್ಲದಿರುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಎರಡು ಪದ ಹೆಚ್ಚು ಬರೆದಿದ್ದರೆ ಕೊಳ್ಳುವವನಿಗೆ ತಿಳಿದು ಕೊಳ್ಳುವ ಅವಕಾಶ ಸಿಗುತ್ತಿತ್ತು.

ಅದಕ್ಕಿಂತ ದೊಡ್ಡ ನಿರಾಸೆ ಚಿತ್ರ ತೆರೆದಾಗ ಕಾದಿತ್ತು. ಪಟ್ಟೆಗಳು ತೆಳುವಾಗಿದ್ದವು, ಹೋಗಿರಲಿಲ್ಲ. ಅಳತೆಪಟ್ಟಿ ಇಟ್ಟು ನೋಡಿದರೆ ಒಂದೊಂದೂ ಸುಮಾರು 6 ಮಿಲಿಮೀಟರ್ ಅಗಲವಿತ್ತು. ಲೆಕ್ಕ ಮಾಡಿದಾಗ ಆ ಅಳತೆಯೇ ಸಾಕ್ಷಿ ನುಡಿಯಿತು. ಆ ಭಾಗದ ನೀಲಿ 8 ಬಿಟ್‌ನ ಅಳತೆಯಲ್ಲಿ ಸುಮಾರು 40 ಹಂತಗಳಷ್ಟೇ ಬದಲಾಗುತ್ತದೆ, ಅದು ಹರಡಿರುವುದು 1600 ಪಿಕ್ಸೆಲ್‌ಗಳ ಎತ್ತರಕ್ಕೆ. ಹಂತಕ್ಕೆ 40 ಪಿಕ್ಸೆಲ್. ಇಂಚಿಗೆ 163 ಪಿಕ್ಸೆಲ್ ಇರುವ ಈ ಪರದೆಯಲ್ಲಿ 40 ಪಿಕ್ಸೆಲ್ ಎಂದರೆ ಸುಮಾರು 6 ಮಿಲಿಮೀಟರ್. 10 ಬಿಟ್‌ನ ಸಂಕೇತ ಪರದೆಯನ್ನು ಮುಟ್ಟಿದ್ದರೆ ಪಟ್ಟೆಯ ಅಗಲ ಒಂದೂವರೆ ಮಿಲಿಮೀಟರ್ ಆಗಿ, ಪಕ್ಕಪಕ್ಕದ ಹಂತಗಳ ಅಂತರವೂ ಕಾಲು ಭಾಗಕ್ಕೆ ಇಳಿದು, ಕಣ್ಣಿಗೆ ಸಿಗುತ್ತಿರಲಿಲ್ಲ. ಎರಡು ಹಂತಗಳು ಸೇರುವ ಅಂಚನ್ನು ನಮ್ಮ ಕಣ್ಣು ಇದ್ದದ್ದಕ್ಕಿಂತ ಹೆಚ್ಚಾಗಿ ಎತ್ತಿ ತೋರಿಸುತ್ತದೆ ಎಂಬುದನ್ನು ಭೌತವಿಜ್ಞಾನಿ ಅರ್ನ್‌ಸ್ಟ್ ಮಾಖ್ 1865ರಷ್ಟು ಹಿಂದೆಯೇ ಗುರುತಿಸಿದ್ದ. ಆಕಾಶದಂಥ ನುಣುಪಾದ ಹರವಿನಲ್ಲಿ ಅತಿ ಸಣ್ಣ ಅಂತರವೂ ಗೆರೆಯಾಗಿ ಕಾಣುವುದು ಆ ಕಾರಣಕ್ಕೆ.

ಜೂನ್ 15

ಮಳೆ ಹಿಡಿದಿದೆ, ಸಂಜೆಯಾದರೆ ಕರೆಂಟ್ ಹೋಗುತ್ತದೆ. ಕೆಲಸ ನಿಧಾನ.

ಕಾರಣಗಳಲ್ಲಿ ಒಂದು ಸಿಕ್ಕಿದೆ, ಅದು ಕೇಬಲ್. ವಿಂಡೋಸ್‌ನ ಅಡ್ವಾನ್ಸ್ಡ್ ಡಿಸ್ಪ್ಲೇ ಪುಟದಲ್ಲಿ ಬಿಟ್ ಡೆಪ್ತ್ ಎಂಬಲ್ಲಿ 8 ಬಿಟ್ ಎಂದಿತ್ತು, ನಾನು ಎರಡು ವಾರ ಅದನ್ನು ನೋಡಿರಲೇ ಇಲ್ಲ. ನನ್ನದು ಎಚ್‌ಡಿಎಂಐ 2.0 ಸಂಪರ್ಕ. ಅದರ ವೇಗ ಸೆಕೆಂಡಿಗೆ 18 ಗಿಗಾಬಿಟ್ ಎಂದು ಹೇಳುತ್ತಾರೆ. ಸಂಕೇತವನ್ನು ಕಟ್ಟುವ ಕ್ರಮದಲ್ಲಿ ಪ್ರತಿ 8 ಬಿಟ್‌ಗೆ 10 ಬಿಟ್ ಖರ್ಚಾಗುವುದರಿಂದ ಚಿತ್ರಕ್ಕೆ ಉಳಿಯುವುದು 14.4 ಮಾತ್ರ. 3840×2160ರ ಚಿತ್ರವನ್ನು ಸೆಕೆಂಡಿಗೆ 60 ಬಾರಿ, ಬಣ್ಣಕ್ಕೆ 8 ಬಿಟ್‌ನಂತೆ ಕಳಿಸಲು, ಫ್ರೇಮುಗಳ ಅಂಚಿನ ಖಾಲಿ ಜಾಗವೂ ಸೇರಿ, 14.26 ಬೇಕು. ಕೊಡ ಕಂಠದವರೆಗೆ ತುಂಬಿದೆ. ಅದೇ ಚಿತ್ರಕ್ಕೆ 10 ಬಿಟ್‌ನಂತೆ 17.82 ಬೇಕಾಗುತ್ತದೆ, ಅದು ಹಿಡಿಸುವುದಿಲ್ಲ. ಬಣ್ಣದ ವಿವರವನ್ನು ಅರ್ಧಕ್ಕೆ ಇಳಿಸಿದರೆ ಹಿಡಿಸೀತು, ಆದರೆ ಚಿತ್ರ ತಿದ್ದುವವರಿಗೆ ಅದು ಒಪ್ಪಿಗೆಯಾಗದು.

ಲೆಕ್ಕವನ್ನು ಪರೀಕ್ಷಿಸಲು ಸೆಕೆಂಡಿಗೆ 60ರ ಬದಲು 30 ಎಂದು ಬದಲಿಸಿದೆ. ಅದೇ ಕೇಬಲ್ಲಿನಲ್ಲಿ ತಕ್ಷಣ 10 ಬಿಟ್‌ನ ಆಯ್ಕೆ ಕಾಣಿಸಿಕೊಂಡಿತು. ಮೌಸ್ ಮಾತ್ರ ಕೆಸರಿನಲ್ಲಿ ಎಳೆದಂತೆ ಚಲಿಸುತ್ತಿತ್ತು. ಮರುದಿನ ಡಿಸ್ಪ್ಲೇಪೋರ್ಟ್ 1.4ರ ಕೇಬಲ್ ತಂದು ಸಿಕ್ಕಿಸಿದೆ. ಅದರಲ್ಲಿ ಚಿತ್ರಕ್ಕೆ ಸಿಗುವ ದಾರಿ 25.92 ಗಿಗಾಬಿಟ್, ಹಾಗಾಗಿ 60ರಲ್ಲಿಯೇ 10 ಬಿಟ್ ಬಂತು. ಮಾನಿಟರಿನ ಪೆಟ್ಟಿಗೆಯಲ್ಲಿ ಬಂದಿದ್ದುದು ಎಚ್‌ಡಿಎಂಐ ಕೇಬಲ್ ಒಂದೇ. ಪೆಟ್ಟಿಗೆಯ ಮೇಲಿನ 107 ಕೋಟಿಯನ್ನು ಪೆಟ್ಟಿಗೆಯ ಒಳಗಿನ ಕೇಬಲ್ ಪೂರ್ಣ ವೇಗದಲ್ಲಿ ಹೊರಲಾರದು ಎಂಬುದು ಕೊಳ್ಳುವ ಮೊದಲೇ ತಿಳಿಯಬೇಕಾದ ಸಂಗತಿ.

ಜೂನ್ 22

ಇಷ್ಟಾದರೂ ಪಟ್ಟೆಗಳು ಇದ್ದವು. ಕೊನೆಯ ತಡೆ ಫೋಟೊಶಾಪ್‌ನಲ್ಲಿತ್ತು. ಪರದೆಗೆ 8 ಬಿಟ್‌ಗಿಂತ ಹೆಚ್ಚು ಕಳಿಸಲು ಅದರ ಪರ್ಫಾರ್ಮೆನ್ಸ್ ಆಯ್ಕೆಗಳ ಒಳಗೆ 30 ಬಿಟ್ ಡಿಸ್ಪ್ಲೇ ಎಂಬುದನ್ನು ಪ್ರತ್ಯೇಕವಾಗಿ ಗುರುತು ಮಾಡಬೇಕು. ಮೂರು ಬಣ್ಣಕ್ಕೆ ಹತ್ತರಂತೆ ಮೂವತ್ತು, ಅದೇ 10 ಬಿಟ್. ಗ್ರಾಫಿಕ್ಸ್ ಕಾರ್ಡಿನ ಚಾಲಕ ತಂತ್ರಾಂಶವೂ ಒಪ್ಪಬೇಕು. ಎನ್‌ವಿಡಿಯಾ ತನ್ನ ಸಾಮಾನ್ಯ ಜಿಫೋರ್ಸ್ ಕಾರ್ಡುಗಳಿಗೆ ಈ ಸೌಲಭ್ಯವನ್ನು ಕೊಟ್ಟದ್ದು 2019ರ ಜುಲೈಯಲ್ಲಿ, ಅದಕ್ಕೆ ಮೊದಲು ಇದಕ್ಕಾಗಿ ದುಬಾರಿಯ ಕ್ವಾಡ್ರೊ ಕಾರ್ಡುಗಳೇ ಬೇಕಿದ್ದವು.

ಗುರುತು ಹಾಕಿ ಫೋಟೊಶಾಪ್ ಮುಚ್ಚಿ ತೆರೆದೆ. ಕಾಪುವಿನ ಆಕಾಶ ಒಂದೇ ಉಸಿರಿನಲ್ಲಿ ಕೆಳಗಿನಿಂದ ಮೇಲಕ್ಕೆ ಹೋಯಿತು. ಅಮ್ಮನನ್ನು ಕರೆದು ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಹತ್ತಿರದಿಂದ ನೋಡಿ, "ಇದು ನಾವು ಅಲ್ಲಿ ಕಂಡದ್ದರ ಹಾಗೇ ಉಂಟು" ಎಂದರು. ಆ ಸಂಜೆ ಅವರೂ ಬಂಡೆಯ ಮೇಲೆ ನನ್ನ ಪಕ್ಕದಲ್ಲಿ ಕುಳಿತಿದ್ದರು.

ಜೂನ್ 29

ಪ್ಯಾನೆಲ್ 8 ಬಿಟ್‌ನದೇ ಎಂಬ ಕೊರಗು ಉಳಿದಿತ್ತು. ಹಳೆಯದರ ಮೇಲೆ ಮಾಡಿದ ಭೂತಗನ್ನಡಿಯ ಪರೀಕ್ಷೆಯನ್ನು ಇದರ ಮೇಲೂ ಅದೇ ಕತ್ತಲೆಯಲ್ಲಿ ಮಾಡಿದೆ, ನಡುಕ ಕಾಣಲಿಲ್ಲ. 6 ಬಿಟ್‌ನಲ್ಲಿ ಅದಲುಬದಲಾಗುವ ಎರಡು ಹಂತಗಳ ನಡುವಿನ ಅಂತರಕ್ಕೆ ಹೋಲಿಸಿದರೆ 8 ಬಿಟ್‌ನಲ್ಲಿ ಅದು ಕಾಲು ಭಾಗ. ಹೀಗಾಗಿ 8 ಬಿಟ್‌ನ ಮೇಲಿನ ಎಫ್‌ಆರ್‌ಸಿಯನ್ನು ಮೋಸ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಅದು ಕೆಲಸ ಮಾಡುತ್ತದೆ, ಅದನ್ನು ಹೆಸರಿಟ್ಟು ಹೇಳಬೇಕಿತ್ತು ಎಂಬುದಷ್ಟೇ ನನ್ನ ತಕರಾರು.

ಜುಲೈ 6

ಪೆಟ್ಟಿಗೆಯ ಉಳಿದ ಸಂಖ್ಯೆಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಬರೆದಿಡುತ್ತೇನೆ, ಏಕೆಂದರೆ ಬಣ್ಣದ ಆಳ ಮತ್ತು ಬಣ್ಣದ ಹರವು ಒಂದೇ ಎಂದು ನಾನೂ ಬಹಳ ಕಾಲ ತಿಳಿದಿದ್ದೆ. ಚಳಿಗಾಲದಲ್ಲಿ ಯಕ್ಷಗಾನ ಆಟಕ್ಕೆ ಹೋದಾಗ ತೆಗೆದ ಬಣ್ಣದ ವೇಷದ (ರಾಕ್ಷಸ ಪಾತ್ರದ) ಚಿತ್ರವೊಂದನ್ನು ಇದರಲ್ಲಿ ತೆರೆದೆ. ಮುಖದ ಮೇಲಿನ ಬಿಳಿಯ ಚಿಟ್ಟಿಯ ಮುಳ್ಳುಗಳು ಒಂದೊಂದಾಗಿ ಎಣಿಸುವಂತೆ ಬಂದಿದ್ದವು, ಕೆಂಪು ಮಾತ್ರ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕಂಡ ಕೆಂಪಲ್ಲ. ಬಿಟ್ ಎಷ್ಟಿದ್ದರೂ ಅದು ಒಂದು ಹರವಿನೊಳಗೆ ಎಷ್ಟು ಹಂತಗಳಿವೆ ಎಂಬುದನ್ನು ಮಾತ್ರ ಹೇಳುತ್ತದೆ, ಆ ಹರವು ಎಲ್ಲಿಯವರೆಗೆ ಚಾಚಿದೆ ಎಂಬುದನ್ನು ಹೇಳುವುದಿಲ್ಲ. ನನ್ನ ಮಾನಿಟರ್ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಳಕೆಯ ಬಣ್ಣದ ಹರವಿನ ಶೇ. 99ನ್ನು ಮುಟ್ಟುತ್ತದೆ, ಆ ಕೆಂಪು ಎಸ್‌ಆರ್‌ಜಿಬಿಯ ಆಚೆಗಿದೆ. ಕೆಲವು ಪೆಟ್ಟಿಗೆಗಳ ಮೇಲೆ ಬರೆಯುವ ಶೇ. 72 ಎನ್‌ಟಿಎಸ್‌ಸಿ ಎಂಬುದು ವಿಸ್ತೀರ್ಣದ ಲೆಕ್ಕದಲ್ಲಿ ಸುಮಾರಾಗಿ ಎಸ್‌ಆರ್‌ಜಿಬಿಯಷ್ಟೇ. 1953ರ ಅಮೆರಿಕದ ಟೀವಿ ಮಾನದಂಡದೊಂದಿಗೆ ಮಾಡಿದ ಹೋಲಿಕೆ ಅದು, ಇಂದಿನ ಚಿತ್ರದ ಕೆಲಸಕ್ಕೆ ಅದರಿಂದ ತಿಳಿಯುವುದು ಕಡಿಮೆ.

ಜುಲೈ 13

ಒಂಬತ್ತನೆಯ ಚಿತ್ರವನ್ನು ಮುದ್ರಣಕ್ಕೆ ಕಳಿಸಿದ್ದೇನೆ. ಹತ್ತನೆಯದು ಮಲ್ಪೆ ಬಂದರಿನ ದೋಣಿಗಳ ಮೇಲಿನ ಆಕಾಶ. ಆ ದಿನ ರಾ ಕಡತ ಉಳಿಸಿಕೊಂಡಿರಲಿಲ್ಲ, ಇರುವುದು 8 ಬಿಟ್‌ನ ಜೆಪೆಗ್ ಒಂದೇ, ಪಟ್ಟೆಗಳು ಕಡತದ ಒಳಗೇ ಇವೆ. ಇದಕ್ಕೆ ಮಾನಿಟರ್, ಕೇಬಲ್ ಯಾವುದೂ ನೆರವಾಗವು. ಆಕಾಶದ ಭಾಗಕ್ಕಷ್ಟೇ ಬಹಳ ಸಣ್ಣ ಹರಳಿನ ಗ್ರೇನ್ ಸೇರಿಸಿ, ಹಂತಗಳ ಅಂಚು ಒಡೆಯುತ್ತದೆಯೇ ಎಂದು ಎ4 ಹಾಳೆಯಲ್ಲಿ ಮೂರು ಪ್ರಮಾಣಗಳಲ್ಲಿ ಮುದ್ರಿಸಿ ನೋಡುವುದು ಮುಂದಿನ ವಾರದ ಕೆಲಸ.