ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್: ಎಡ ಚಕ್ರದ ಕೆಲಸ ಎಲ್ಲಿಗೆ ಬಂತು

ಜೂನ್ ಕೊನೆ

ಮಡಿಕೇರಿಯ ನಮ್ಮ ಮನೆಗೆ ರಸ್ತೆಯಿಂದ ಇಳಿಯುವ ದಾರಿಯನ್ನು ರಸಮಟ್ಟ, ಟೇಪು ಹಿಡಿದು ಅಳೆದೆ. 3 ಮೀಟರಿಗೆ 45 ಸೆಂಟಿಮೀಟರ್ ಇಳಿತ, ಅಂದರೆ ಶೇ 15. ಕಾರು ನಿಲ್ಲುವುದು ಅಲ್ಲಿಯೇ. ಪಾರ್ಕಿಂಗ್ ಬ್ರೇಕಿನ ಹಳದಿ ದೀಪ ಹೊತ್ತಿಕೊಂಡ ದಿನದಿಂದ ಗಾಲಿಗೆ ಕಲ್ಲು ಕೊಡದೆ ಕಾರು ಬಿಟ್ಟು ಒಳಗೆ ಹೋಗಿಲ್ಲ.

ದೀಪಕ್ಕಿಂತ ಮೊದಲು ಸುಳಿವು ಕೊಟ್ಟದ್ದು ಕಿವಿ. ಹ್ಯಾಂಡ್‌ಬ್ರೇಕಿನ ಲಿವರ್ ಬದಲು ಇರುವ ಸ್ವಿಚ್ ಎಳೆದಾಗ ಹಿಂದಿನ ಎರಡೂ ಚಕ್ರಗಳಿಂದ ಮೋಟಾರಿನ ಗುಂಯ್ ಎನ್ನುವ ಸದ್ದು ಬರಬೇಕು. ಈಗ ಬಲಗಡೆಯಿಂದ ಮಾತ್ರ ಬರುತ್ತಿದೆ. ಮಳೆ ಜೋರಾದ ದಿನ ಎಡಗಡೆ ಪೂರ್ತಿ ಮೌನ, ಬಿಸಿಲು ಬಂದರೆ ಕೆಲವೊಮ್ಮೆ ತಾನೇ ಸರಿಹೋಗುತ್ತದೆ.

ಸರ್ವೀಸ್ ಕೇಂದ್ರದವರು ಸ್ಕ್ಯಾನರ್ ಹಾಕಿ, ಎಡ ಮೋಟಾರಿನ ಸರ್ಕ್ಯೂಟಿನಲ್ಲಿ ದೋಷವೆಂದು ಓದಿ, ಚಕ್ರದ ಡಿಸ್ಕನ್ನು ಪ್ಯಾಡುಗಳಿಂದ ಹಿಡಿಯುವ ಭಾಗವಾದ ಕ್ಯಾಲಿಪರನ್ನು ಮೋಟಾರ್ ಸಮೇತ ಬದಲಾಯಿಸಬೇಕೆಂದರು. ನಾನು ಒಪ್ಪಲಿಲ್ಲ. ಸರ್ಕ್ಯೂಟ್ ಎಂದರೆ ಮೋಟಾರ್ ಒಂದೇ ಅಲ್ಲ. ಕನೆಕ್ಟರ್, ವೈರ್, ನಿಯಂತ್ರಣ ಘಟಕ ಎಲ್ಲವೂ ಅದರೊಳಗೆ ಬರುತ್ತವೆ. ಯಾವುದು ಕೆಟ್ಟಿದೆ ಎಂದು ಅಳೆಯದೆ ಅತಿ ದುಬಾರಿ ಭಾಗವನ್ನೇ ಮೊದಲು ಬದಲಾಯಿಸುವ ಪದ್ಧತಿ ನನಗೆ ಸರಿಕಾಣುವುದಿಲ್ಲ.

ಜುಲೈ

ಕೈ ಹಚ್ಚುವ ಮೊದಲು ನಿಮ್ಮ ಕಾರಿನ ವ್ಯವಸ್ಥೆ ಯಾವ ಬಗೆಯದು ಎಂದು ತಿಳಿದುಕೊಳ್ಳಿ. ಕೆಲವು ಕಾರುಗಳಲ್ಲಿ ಒಂದೇ ಮೋಟಾರ್ ಹಳೆಯ ಹ್ಯಾಂಡ್‌ಬ್ರೇಕಿನಂತೆ ಕೇಬಲ್ ಎಳೆಯುತ್ತದೆ. ನನ್ನದರಲ್ಲಿ ಹಿಂದಿನ ಪ್ರತಿ ಕ್ಯಾಲಿಪರಿಗೂ ಪುಟ್ಟ ಮೋಟಾರ್ ಇದೆ. ಅದು ಗೇರುಗಳ ಮೂಲಕ ತಿರುಪನ್ನು ತಿರುಗಿಸಿ, ಪಿಸ್ಟನ್ನನ್ನು ಮುಂದೆ ತಳ್ಳಿ, ಪ್ಯಾಡುಗಳು ಡಿಸ್ಕನ್ನು ಹಿಡಿಯುವಂತೆ ಮಾಡುತ್ತದೆ. ಹಿಡಿತ ಬಿಗಿಯಾದಂತೆ ಮೋಟಾರ್ ಎಳೆಯುವ ಕರೆಂಟ್ ಏರುತ್ತದೆ; ನಿಗದಿತ ಮಟ್ಟ ತಲುಪಿದಾಗ ನಿಯಂತ್ರಣ ಘಟಕ ಅದನ್ನು ನಿಲ್ಲಿಸುತ್ತದೆ. ಮುಂದೆ ತಿರುಪಿನ ಎಳೆಗಳೇ ಹಿಡಿದುಕೊಳ್ಳುತ್ತವೆ, ಕರೆಂಟ್ ಬೇಕಿಲ್ಲ. ಆದ್ದರಿಂದಲೇ ಬ್ಯಾಟರಿ ಸತ್ತರೂ ಹಾಕಿದ ಬ್ರೇಕ್ ಬಿಡುವುದಿಲ್ಲ.

ಮೊದಲು ಬ್ಯಾಟರಿ ನೋಡಿದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.1 ವೋಲ್ಟ್. ವೈಪರ್, ದೀಪ ಹಾಕಿಕೊಂಡು ಪೇಟೆಗಷ್ಟೇ ಹೋಗಿಬರುವ ಮಳೆಗಾಲದ ಓಡಾಟಕ್ಕೆ ಇದು ಸಹಜ. ಚಾರ್ಜ್ ಮಾಡಿ 12.6ಕ್ಕೆ ತಂದೆ. ದೀಪ ಆರಿತು, ಮುಂದಿನ ಮಳೆಗೆ ಮತ್ತೆ ಬಂತು.

ನಂತರ ಮೋಟಾರ್. ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಡ ಕನೆಕ್ಟರ್ ಬಿಚ್ಚಿ, 20 ಆಂಪಿಯರ್ ಫ್ಯೂಸಿನ ಮೂಲಕ ಬೇರೊಂದು ಬ್ಯಾಟರಿಯಿಂದ ಕ್ಷಣಮಾತ್ರ ಕರೆಂಟ್ ಕೊಟ್ಟೆ. ತಿರುಗಿತು. ತಂತಿ ಅದಲುಬದಲು ಮಾಡಿದಾಗ ಹಿಂದಕ್ಕೂ ತಿರುಗಿತು. ಕ್ಷಣಮಾತ್ರ ಎಂಬುದನ್ನು ದಯವಿಟ್ಟು ಗಮನಿಸಿ: ಹೀಗೆ ನೇರವಾಗಿ ಕೊಟ್ಟಾಗ ಸರಿಯಾದ ಸಮಯಕ್ಕೆ ನಿಲ್ಲಿಸಲು ನಿಯಂತ್ರಣ ಘಟಕ ಇರುವುದಿಲ್ಲ, ತಿರುಪು ಬಿಗಿದು ಸಿಕ್ಕಿಕೊಳ್ಳಬಹುದು. ಬೆರಳು ಕ್ಯಾಲಿಪರಿನ ಹತ್ತಿರ ಇರಲೇಬಾರದು.

ಹಾಗಾದರೆ ವೈರ್. ಮಲ್ಟಿಮೀಟರ್ ಇಟ್ಟರೆ ಬೀಪ್ ಬಂತು, ಸಂಪರ್ಕ ಇದೆ ಎಂದಿತು. ಬಹಳ ಜನ ಇಲ್ಲಿಗೇ ನಿಲ್ಲಿಸಿ ಕ್ಯಾಲಿಪರ್ ಕೊಳ್ಳುತ್ತಾರೆ. ಆದರೆ ಮೀಟರ್ ಕಳಿಸುವ ಕರೆಂಟ್ ಅತ್ಯಲ್ಪ. ಒಂದೇ ಒಂದು ತಾಮ್ರದ ಎಳೆ ಉಳಿದಿದ್ದರೂ ಅದಕ್ಕೆ ಸಾಕು. ಮೋಟಾರಿಗೆ ಬೇಕಾದದ್ದು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಹಾಗಾಗಿ ಕಾರಿನ ಬ್ಯಾಟರಿ ಕಳಚಿ, ವೈರಿನ ಎರಡೂ ತುದಿ ಬಿಡಿಸಿ, ಹೊರಗಿನ ಬ್ಯಾಟರಿಯಿಂದ ಆ ವೈರಿನ ಮೂಲಕವೇ 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಉರಿಸಿದೆ. ನನ್ನ ತಮ್ಮ ಬಲ್ಬ್ ನೋಡುತ್ತಿದ್ದ, ನಾನು ವೈರನ್ನು ಗೇಣು ಗೇಣಾಗಿ ಬಗ್ಗಿಸುತ್ತ ಹೋದೆ. ಸಸ್ಪೆನ್ಷನ್ ಏರಿಳಿದಂತೆಲ್ಲ ವೈರ್ ಮಡಚಿಕೊಳ್ಳುವ ಜಾಗಕ್ಕೆ ಕೈ ಬಂದಾಗ ಬಲ್ಬ್ ಮಂಕಾಯಿತು, ಆರಿತು, ಮತ್ತೆ ಹೊತ್ತಿತು. ಹೊದಿಕೆ ಸೀಳಿದರೆ ಒಳಗೆ ತಾಮ್ರ ಹಸಿರುಗಟ್ಟಿ, ಬಹುಪಾಲು ಎಳೆಗಳು ತುಂಡಾಗಿದ್ದವು. ಹೊರಗೆ ಒಂದು ಗೀರೂ ಇರಲಿಲ್ಲ! ಇಷ್ಟು ಸಂತೋಷ ಕೊಟ್ಟ ದೋಷವನ್ನು ನಾನು ಬೇರೆ ಕಂಡಿಲ್ಲ.

ಆಗಸ್ಟ್

ಮುರಿದಲ್ಲೇ ಜೋಡಿಸಲಿಲ್ಲ. ಬಗ್ಗುವ ಜಾಗದಲ್ಲಿ ಬೆಸುಗೆ ಹಾಕಿದರೆ ವೈರ್ ಅಲ್ಲಿ ಗಡುಸಾಗಿ, ಬೆಸುಗೆಯ ಅಂಚಿನಲ್ಲೇ ಮತ್ತೆ ಮುರಿಯುತ್ತದೆ. ಬಾಡಿಯ ಒಳಗಿನಿಂದ ಕನೆಕ್ಟರಿನವರೆಗೆ ಹೊಸ ವೈರ್ ಎಳೆದೆ. ಹಳೆಯದರಷ್ಟೇ ದಪ್ಪದ್ದು, ಹೆಚ್ಚು ಸಣ್ಣ ಎಳೆಗಳಿರುವುದು. ಜೋಡಣೆಗಳನ್ನು ಅಲುಗಾಡದ ಕಡೆ ಒತ್ತಿ ಕೂಡಿಸಿ, ಒಳಗೆ ಅಂಟು ಇರುವ, ಬಿಸಿಗೆ ಕುಗ್ಗಿ ಬಿಗಿಯುವ ಶ್ರಿಂಕ್ ಟ್ಯೂಬ್ ಹಾಕಿದೆ. ಬಲ್ಬ್ ಪರೀಕ್ಷೆ ಮತ್ತೆ ಮಾಡಿದೆ; ಎಷ್ಟು ಬಗ್ಗಿಸಿದರೂ ಬೆಳಕು ಅಲುಗಲಿಲ್ಲ. ಕೊನೆಗೆ ಸ್ಕ್ಯಾನರಿನಿಂದ ದೋಷ ಅಳಿಸಿ, ಬ್ರೇಕಿನ ಕ್ಯಾಲಿಬ್ರೇಷನ್, ಅಂದರೆ ಹಿಡಿತದ ಅಳತೆಯನ್ನು ನಿಯಂತ್ರಣ ಘಟಕಕ್ಕೆ ಹೊಸದಾಗಿ ಗುರುತು ಮಾಡಿಸುವ ಕೆಲಸ, ನಡೆಸಿದೆ.

ಈಗ ಎರಡೂ ಕಡೆ ಸದ್ದು ಬರುತ್ತಿದೆ. ಪಾರ್ಕಿಂಗ್ ಬ್ರೇಕ್ ತುಂಬಿದ ಕಾರನ್ನು ಶೇ 20 ಇಳಿಜಾರಿನಲ್ಲಿ ಹಿಡಿದು ನಿಲ್ಲಿಸಬೇಕೆಂಬುದು ಕಾರಿನ ಬ್ರೇಕುಗಳ ಕುರಿತ ವಿಶ್ವಸಂಸ್ಥೆಯ 13-ಎಚ್ ನಿಯಮ. ನಮ್ಮ ಶೇ 15ರಲ್ಲಿ, ಗಾಲಿಗಿಂತ ಎರಡು ಬೆರಳು ದೂರ ಕಲ್ಲಿಟ್ಟು, ನ್ಯೂಟ್ರಲ್‌ನಲ್ಲಿ ಪರೀಕ್ಷಿಸಿದೆ. ಕಾರು ಕದಲಲಿಲ್ಲ.

ಬಾಕಿ ಇರುವುದು ಹಿಂದಿನ ಪ್ಯಾಡುಗಳು. ಅವನ್ನು ಬದಲಾಯಿಸುವಾಗ ಮೊದಲು ಸ್ಕ್ಯಾನರಿನಲ್ಲಿ ನಿರ್ವಹಣಾ ಸ್ಥಿತಿಗೆ ಹಾಕಿ ತಿರುಪನ್ನು ಹಿಂದಕ್ಕೆ ತರಬೇಕು. ಕ್ಲ್ಯಾಂಪ್ ಹಾಕಿ ಪಿಸ್ಟನ್ನನ್ನು ಬಲವಂತದಿಂದ ಒತ್ತಿದರೆ ಒಳಗಿನ ಯಂತ್ರವೇ ಹಾಳಾಗುತ್ತದೆ. ಅದಕ್ಕೂ ಮುಂಚೆ, ಬರುವ ಭಾನುವಾರ ಮಳೆ ಬಿಡುವು ಕೊಟ್ಟರೆ, ಬಲಗಡೆಯ ವೈರಿಗೂ ಬಲ್ಬ್ ಕಟ್ಟಿ ನೋಡುತ್ತೇನೆ. ಅದೂ ಇಷ್ಟೇ ವರ್ಷ ಇಷ್ಟೇ ಸಲ ಮಡಚಿದೆ.